ಕಳಸದಲ್ಲಿ ಎರಡು ದಿನ

ಕೆಲವು ಊರುಗಳು ದಾರಿಯಲ್ಲಿ ಸಿಗುತ್ತವೆ; ಕೆಲವನ್ನು ದಾರಿ ಬಿಟ್ಟು ಹೋಗಿ ನೋಡಬೇಕು. ಕಳಸ ಈ ಎರಡನೆಯ ವರ್ಗಕ್ಕೆ ಸೇರಿದುದು. ಹೊರನಾಡಿನ ಅನ್ನಪೂರ್ಣೇಶ್ವರಿಯ ದರ್ಶನಕ್ಕೆ ಹೊರಟ ಯಾತ್ರಿಕರು ಈ ಊರಿನ ಪೇಟೆಬೀದಿಯನ್ನು ಹಾದುಹೋಗುತ್ತಾರೆ, ನಿಜ. ಮೆಟ್ಟಿಲು ಹತ್ತಿ ಕಳಸೇಶ್ವರನಿಗೆ ಕೈಮುಗಿದು, ಕೆಳಗಿಳಿದು ಕಾಫಿ ಕುಡಿದು, ಕತ್ತಲಾಗುವುದರೊಳಗೆ ಘಟ್ಟ ದಾಟುವ ಆತುರದಲ್ಲಿರುತ್ತಾರೆ. ಹಾದುಹೋಗುವುದು ಬೇರೆ, ಹೋಗುವುದು ಬೇರೆ. ಚಿಕ್ಕಮಗಳೂರು ಜಿಲ್ಲೆಯ ಈ ಮೂಲೆಗೆ (ಈಚೆಗೆ ಇದೂ ಒಂದು ತಾಲ್ಲೂಕು ಕೇಂದ್ರವೆನಿಸಿದೆ) ಹೋಗಲೇಬೇಕೆಂದು ಹೋಗುವವರು ಬಹಳ ಮಂದಿಯಿಲ್ಲ. ಅಂಥ ಕೆಲವರ ಗುಂಪಿಗೆ ಕಳೆದ ಡಿಸೆಂಬರಿನಲ್ಲಿ ನಾವು ಮೂವರು ಸೇರಿದೆವು.

ಕಾರ್ಕಳದಲ್ಲಿ ಬಂಧುಗಳ ಮನೆಯ ಮದುವೆಯಿತ್ತು. ರಾತ್ರಿ ಬಸ್ಸಿನಲ್ಲಿ ಕುಳಿತು ಬೆಳಿಗ್ಗೆ ಇಳಿಯುವುದು ನಮ್ಮ ವಾಡಿಕೆ. ಈ ಸಲ ಮಗಳು ತಾನೇ ಕಾರು ನಡೆಸಿಕೊಂಡು ಹೋಗುವುದಾಗಿ ಹಟ ಹಿಡಿದಳು. "ಹಾಗಾದರೆ ಎರಡು ದಿನ ಮುಂಚೆ ಹೊರಟು ಕಳಸಕ್ಕೆ ಹೋಗಿಯೇ ಹೋಗೋಣ" ಎಂದಳು ನನ್ನ ಹೆಂಡತಿ. ಕಳಸದಲ್ಲಿ ನನ್ನ ಹಳೆಯ ಮಿತ್ರನೂ ಅವನ ಪತ್ನಿಯೂ ಇದ್ದಾರೆ. ಮೈಸೂರಿನ ವಿದ್ಯಾರ್ಥಿನಿಲಯದಲ್ಲಿ ಮೂರು ವರ್ಷ ಒಂದೇ ಕೋಣೆಯಲ್ಲಿ ಓದಿದವರು ನಾವು. ಅವನು ವಿಜ್ಞಾನ, ನಾನು ಕನ್ನಡ; ಆದ್ದರಿಂದ ಪರೀಕ್ಷೆಯ ಕಾಲದಲ್ಲೂ ನಮ್ಮೊಳಗೆ ಮತ್ಸರಕ್ಕೆ ಎಡೆಯಿರಲಿಲ್ಲ. ಕೊನೆಯ ಸಲ ನಾವು ಭೇಟಿಯಾದದ್ದು 2011ರಲ್ಲಿ, ಅವನು ಕಿವಿಯ ಪರೀಕ್ಷೆಗೆಂದು ಬೆಂಗಳೂರಿಗೆ ಬಂದಾಗ. ಆಗಲೂ ಮಾತು ಹೆಚ್ಚು ನಡೆಯಲಿಲ್ಲ. ಕಿವಿಯ ದೆಸೆಯಿಂದ ಮಾತ್ರವಲ್ಲ. ಬೇರೊಂದು ಕಾರಣವೂ ಇದ್ದಿತು. ಅದನ್ನು ಮುಂದೆ ಹೇಳುತ್ತೇನೆ.

ಹಾಸನದವರೆಗಿನ ಹೆದ್ದಾರಿಯ ಬಗ್ಗೆ ಹೇಳುವಂಥದೇನೂ ಇಲ್ಲ. ಬೇಲೂರಿನಲ್ಲಿ ಇಳಿಯಲಿಲ್ಲ, ಬೇಲೂರಿನಲ್ಲಿ ಇಳಿದವನು ಆ ದಿನ ಮುಂದೆ ಹೋಗಲಾರ. ಮೂಡಿಗೆರೆಯನ್ನು ದಾಟುವಾಗ ಮಗಳು, "ತೇಜಸ್ವಿಯವರು ಇಲ್ಲೇ ಅಲ್ಲವೆ ಅಪ್ಪ ಇದ್ದದ್ದು?" ಎಂದು ಕಾರನ್ನು ನಿಧಾನ ಮಾಡಿದಳು. 'ಕರ್ವಾಲೊ' ಓದಿದವರೆಲ್ಲ ಈ ರಸ್ತೆಯಲ್ಲಿ ಒಮ್ಮೆ ಮರದ ಮೇಲೆ ಕಣ್ಣು ಹಾಯಿಸಿ ಹಾರುವ ಓತಿಯನ್ನು ಹುಡುಕುತ್ತಾರೆಂದು ನನ್ನ ಊಹೆ. 2007ರಲ್ಲಿ ಅವರು ತೀರಿಕೊಂಡರು. ಅವರ ಹೆಸರಿನ ಪ್ರತಿಷ್ಠಾನ ಮುಂದಿನ ಕೊಟ್ಟಿಗೆಹಾರದಲ್ಲಿದೆ. ಕೊಟ್ಟಿಗೆಹಾರವೆಂದರೆ ಮಂಜು ಮತ್ತು ನೀರುದೋಸೆ. ಎರಡನ್ನೂ ಹೊಟ್ಟೆ ತುಂಬ ಸೇವಿಸಿದೆವು. ಅಲ್ಲಿಂದ ನೇರವಾಗಿ ಹೋದರೆ ಚಾರ್ಮಾಡಿ ಘಟ್ಟ, ಕೆಳಗೆ ದಕ್ಷಿಣ ಕನ್ನಡ. ಮದುವೆಗೆ ಹೊರಟವರು ಹಾಗೆಯೇ ಇಳಿಯುತ್ತಾರೆ. ನಾವು ಬಲಕ್ಕೆ ತಿರುಗಿದೆವು. ಕೆಳಗೂರಿನ ಚಹಾ ತೋಟಗಳನ್ನು ಹಾಯುವ ಆ ರಸ್ತೆಯಲ್ಲಿ ಎದುರಿಗೆ ಬಸ್ಸೊಂದು ಬಂದರೆ ಯಾರಾದರೊಬ್ಬರು ಹಿಂದಕ್ಕೆ ಸರಿಯಬೇಕು. ಮಗಳು ಮೂರು ಸಲ ಸರಿದಳು. ನಾಲ್ಕನೆಯ ಸಲ ಬಸ್ಸೇ ಸರಿಯಿತು. ಅದನ್ನು ಅವಳು ಈಗಲೂ ಹೇಳಿಕೊಳ್ಳುತ್ತಾಳೆ.

ಕಳಸಕ್ಕೆ ಇಳಿಯುವ ಹೊತ್ತಿಗೆ ಸಂಜೆ. ಊರಿನ ಒಳಗೆಲ್ಲ ಬೇಯಿಸಿದ ಅಡಿಕೆಯ ಒಗರು ವಾಸನೆ ಹಬ್ಬಿತ್ತು. ಡಿಸೆಂಬರೆಂದರೆ ಅಲ್ಲಿ ಸುಗ್ಗಿ. ಅಂಗಳಗಳಲ್ಲಿ ಅಡಿಕೆ, ಕಣಗಳಲ್ಲಿ ಕಾಫಿ, ಹಾದಿಯಲ್ಲಿ ನಡೆಯುವವನಿಗೆ ಕಾಲಿಡಲು ಎಡೆಯಿಲ್ಲ. ಮಿತ್ರನ ಮನೆ ಪೇಟೆಯ ಹೊರಗೆ, ಭದ್ರಾ ನದಿಗೆ ಇಳಿಯುವ ಇಳಿಜಾರಿನಲ್ಲಿದೆ. ಬಾಗಿಲಲ್ಲಿ ನಿಂತಿದ್ದ ಅವನು ನನ್ನನ್ನು ನೋಡಿ, ಹದಿನಾಲ್ಕು ವರ್ಷ ಕಳೆದಿಲ್ಲವೆಂಬಂತೆ, "ಏನಯ್ಯಾ, ದಾರಿ ಸಿಕ್ಕಿತೆ?" ಎಂದ. ಅತ್ತಿಗೆ ಒಳಗಿನಿಂದ ಬಿಸಿನೀರಿನ ಚೊಂಬು ಹಿಡಿದು ಬಂದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು; ನಗು ಮಾತ್ರ 1988ರದೇ.

1988 ಎಂದೆ, ಆ ವರ್ಷ ನಾವು ಅವರ ಮನೆಗೆ ಮೊದಲ ಸಲ ಹೋಗಿದ್ದೆವು. ಆಗ ಅವರು ಇದ್ದದ್ದು ಕಳಸದಲ್ಲಲ್ಲ; ಅಲ್ಲಿಂದ ಸುಮಾರು ಇಪ್ಪತ್ತು ಕಿಲೋಮೀಟರು ಪಶ್ಚಿಮಕ್ಕೆ, ಕುದುರೆಮುಖದ ಗಣಿಯ ಊರಿನಲ್ಲಿ. ಆ ಊರಿನ ಕಥೆ ತಿಳಿಯದೆ ನನ್ನ ಮಿತ್ರನ ಕಥೆ ತಿಳಿಯದು.

ಕಡಲಿನ ಕಡೆಯಿಂದ ನೋಡುವವರಿಗೆ ಕುದುರೆಯ ಮುಖದಂತೆ ಕಾಣುವ ಶಿಖರದಿಂದ ಆ ಸೀಮೆಗೆ ಹೆಸರು ಬಂದಿತು. ಘಟ್ಟದ ಮೇಲಿನವರು ಅದನ್ನು ಸಂಸೆ ಪರ್ವತವೆಂದೂ ಕರೆಯುತ್ತಿದ್ದರು. ಮೈಸೂರು ಸಂಸ್ಥಾನದ ಭೂವಿಜ್ಞಾನಿ ಸಂಪತ್ ಅಯ್ಯಂಗಾರ್ಯರು 1913ರಲ್ಲಿ ಅಲ್ಲಿ ಕಬ್ಬಿಣದ ಅದಿರನ್ನು ಗುರುತಿಸಿದರು. ಬಳ್ಳಾರಿಯ ಕಡೆಯ ಶ್ರೀಮಂತ ಅದಿರಲ್ಲ ಅದು. ಕಲ್ಲಿನೊಡನೆ ಬೆರೆತ ಬಡ ಅದಿರು. ಕಲ್ಲನ್ನು ಹಿಟ್ಟಿನಂತೆ ಅರೆದು, ನೀರಿನಲ್ಲಿ ಕದಡಿ, ಅಯಸ್ಕಾಂತದಿಂದ ಕಬ್ಬಿಣದ ಕಣವನ್ನು ಬೇರ್ಪಡಿಸಬೇಕು. ಅಷ್ಟು ಮಾಡುವ ಧೈರ್ಯಕ್ಕೆ ಬಹುಕಾಲ ಹಿಡಿಯಿತು. 1969ರಲ್ಲಿ ಮೂವತ್ತು ವರ್ಷಗಳ ಗಣಿ ಗುತ್ತಿಗೆಯಾಯಿತು. 1975ರಲ್ಲಿ ಇರಾನಿನೊಡನೆ ಒಪ್ಪಂದ. ಷಾ ದೊರೆಯ ಸರ್ಕಾರ ಸಾಲವನ್ನೂ ಕೊಡುವುದು, ಅದಿರನ್ನೂ ಕೊಳ್ಳುವುದು. ಮರುವರ್ಷ ಕೇಂದ್ರ ಸರ್ಕಾರದ ಕಂಪನಿ ಹುಟ್ಟಿತು. ಕಾಡು ಕಡಿದು ರಸ್ತೆಯಾಯಿತು, ಮಲ್ಲೇಶ್ವರವೆಂಬ ಹಳ್ಳಿಯ ಜಾಗದಲ್ಲಿ ನಗರವೆದ್ದಿತು, ಬೆಟ್ಟದಿಂದ ಮಂಗಳೂರಿನ ಬಂದರಿಗೆ 67 ಕಿಲೋಮೀಟರು ಉದ್ದದ ಕೊಳವೆಯನ್ನು ಹೂಳಿದರು. ಎಲ್ಲ ಮುಗಿಯುವ ಹೊತ್ತಿಗೆ, 1979ರಲ್ಲಿ, ಇರಾನಿನಲ್ಲಿ ಕ್ರಾಂತಿಯಾಗಿ ದೊರೆಯೇ ದೇಶ ಬಿಟ್ಟ. ಗಿರಣಿ ಸಿದ್ಧವಾಯಿತು, ಗಿರಾಕಿ ಇಲ್ಲ! ನನ್ನ ಮಿತ್ರ ಕೆಲಸಕ್ಕೆ ಸೇರಿದ್ದು ಆ ಮರುವರ್ಷ. "ಟೆಹರಾನಿನಲ್ಲಿ ಕೆಮ್ಮಿದರೆ ಮಲ್ಲೇಶ್ವರದಲ್ಲಿ ನೆಗಡಿ" ಎಂದು ಅವನು ಆಗ ನನಗೆ ಬರೆದಿದ್ದ. ಬೇರೆ ಗಿರಾಕಿಗಳು ಸಿಕ್ಕಿದರು, ಗಿರಣಿ ತಿರುಗಿತು, ವರ್ಷಕ್ಕೆ 75 ಲಕ್ಷ ಟನ್ನು ಅದಿರಿನ ಪುಡಿಯನ್ನು ತೆಗೆಯುವ ಶಕ್ತಿ ಅದಕ್ಕಿತ್ತು.

ಆ ಮೊದಲ ಭೇಟಿಯ ಒಂದು ರಾತ್ರಿ ನನಗೆ ಚೆನ್ನಾಗಿ ನೆನಪಿದೆ. ಮಳೆಗಾಲದ ಕೊನೆ. ವರ್ಷಕ್ಕೆ ಆರೇಳು ಸಾವಿರ ಮಿಲಿಮೀಟರು ಮಳೆ ಬೀಳುವ ಜಾಗ ಅದು. ಒಗೆದ ಬಟ್ಟೆ ಅಲ್ಲಿ ಒಣಗುವುದಿಲ್ಲ, ಬರಿಯ ಹಳತಾಗುತ್ತದೆ. ಮಂಜಿನೊಳಗೆ ಸಾವಿರ ದೀಪಗಳು. ಶಾಲೆ, ಆಸ್ಪತ್ರೆ, ಸಾಲುಮನೆಗಳು. ಒಂದು ಬಾಗಿಲಲ್ಲಿ ತೆಲುಗು, ಪಕ್ಕದ ಬಾಗಿಲಲ್ಲಿ ಬಂಗಾಳಿ, ಅದರಾಚೆ ತುಳು. ಮಿತ್ರ ನನ್ನನ್ನು ಗಿರಣಿಯ ಹತ್ತಿರಕ್ಕೆ ಕರೆದೊಯ್ದ. ಎರಡಂತಸ್ತಿನ ಮನೆಯಷ್ಟೆತ್ತರದ ಉರುಳೆಗಳು ಒಳಗೆ ಕಲ್ಲು ತುಂಬಿಕೊಂಡು ತಿರುಗುತ್ತಿದ್ದವು. ಅವನು ನನ್ನ ಕಿವಿಗೆ ಬಾಯಿಟ್ಟು ಏನನ್ನೋ ಕೂಗಿದ. ನನಗೆ ಕೇಳಿಸಲಿಲ್ಲ. ಮುಖದಲ್ಲಿದ್ದ ಹೆಮ್ಮೆ ಕಾಣಿಸಿತು.

ಆದರೆ ಆ ಬೆಟ್ಟದಲ್ಲಿ ಕಬ್ಬಿಣವಷ್ಟೇ ಇರಲಿಲ್ಲ. ಗಂಗಾಮೂಲವೆಂಬಲ್ಲಿ ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುತ್ತವೆ. ಮೊದಲಿನವೆರಡು ಪೂರ್ವಕ್ಕೆ ಹರಿದು ಕೂಡಲಿಯಲ್ಲಿ ಸಂಗಮಿಸುತ್ತವೆ, ನೇತ್ರಾವತಿ ಪಶ್ಚಿಮಕ್ಕಿಳಿದು ಕಡಲನ್ನು ಸೇರುತ್ತದೆ. ಮೇಲೆ ಹುಲ್ಲುಬೆಟ್ಟ, ಕಣಿವೆಗಳಲ್ಲಿ ಶೋಲಾ ಕಾಡು. ಮಳೆಯನ್ನು ಹಿಡಿದಿಟ್ಟುಕೊಂಡು ಬೇಸಿಗೆಯಲ್ಲಿ ಹನಿಹನಿಯಾಗಿ ಬಿಡುವ ಏರ್ಪಾಡು ಅದು. ಸಿಂಹಬಾಲದ ಕೋತಿಯ, ನಮ್ಮ ಮಲೆನಾಡಿನ ಸಿಂಗಳೀಕದ, ದೊಡ್ಡ ನೆಲೆಗಳಲ್ಲೊಂದು ಅಲ್ಲಿದೆಯೆಂದು ಉಲ್ಲಾಸ ಕಾರಂತರ ಸಮೀಕ್ಷೆ 1980ರ ದಶಕದಲ್ಲಿ ತೋರಿಸಿತು. 1987ರಲ್ಲಿ ರಾಷ್ಟ್ರೀಯ ಉದ್ಯಾನದ ಘೋಷಣೆಯಾಯಿತು. ಉದ್ಯಾನದ ಮಡಿಲಿನಲ್ಲೇ ಗಣಿ! ಅಗೆದುದರಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಹೂಳು. ಅದನ್ನು ನಿಲ್ಲಿಸಲು ಲಕ್ಯಾ ಹೊಳೆಗೆ ಸುಮಾರು ನೂರು ಮೀಟರು ಎತ್ತರದ ಅಣೆಕಟ್ಟು. ನಿಲ್ಲದೆ ಉಳಿದದ್ದು ಮಳೆಯೊಡನೆ ಭದ್ರೆಗಿಳಿಯುತ್ತಿದೆಯೆಂದು ಕೆಳಗಿನ ರೈತರ ಕೂಗು. ಗುತ್ತಿಗೆ 1999ರಲ್ಲಿ ಮುಗಿಯಿತು. ಮುಂದುವರಿಸಬೇಕೇ ಬೇಡವೇ ಎಂಬ ವಾದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. 2002ರ ಅಕ್ಟೋಬರ್ 30ರಂದು ತೀರ್ಪು ಬಂದಿತು: 2005ರ ಕೊನೆಗೆ ಗಣಿ ನಿಲ್ಲತಕ್ಕದ್ದು.

ಆ ವಾರ ನಾನು ಮಿತ್ರನಿಗೆ ಒಂದು ಪತ್ರ ಬರೆದೆ. ತೀರ್ಪು ನನಗೆ ಸಂತೋಷ ತಂದಿತ್ತು, ಅದನ್ನು ಮುಚ್ಚಿಡಲಿಲ್ಲ. ಅವನ ಸಂಸಾರದ ಚಿಂತೆಯೂ ನನಗಿತ್ತು, ಅದನ್ನೂ ಬರೆದೆ. ಅವನಿಂದ ಒಂದು ಕಾರ್ಡು ಬಂದಿತು. "ಕಾಡು ಉಳಿಯಿತು, ಸರಿ. ನಮ್ಮ ಊರು ಎಷ್ಟು ದೊಡ್ಡದಿತ್ತೆಂದು ನಿನಗೆ ಗೊತ್ತು" ಎಂದಷ್ಟೇ ಇತ್ತು ಅದರಲ್ಲಿ. ಮುಂದೆ ಕಾರ್ಡುಗಳು ನಿಂತವು. ಜಗಳವೆಂದು ಹೇಳಲಾರೆ. ತೀರ್ಪು ಸರಿಯೆಂದು ಆಗಲೂ ತಿಳಿದಿದ್ದೆ, ಈಗಲೂ ತಿಳಿದಿದ್ದೇನೆ. ಅವನು ಬಾಳಿದ ಊರನ್ನು ನಾನು ನಕ್ಷೆಯ ಮೇಲಿನ ಒಂದು ಕಲೆಯೆಂದು ಎಂದೂ ತಿಳಿದವನಲ್ಲ. ಎರಡೂ ನಿಜವಾಗಿದ್ದಾಗ ಸ್ನೇಹಿತರು ಯಾವುದನ್ನು ಮೊದಲು ಹೇಳಬೇಕು? ಅದು ಇಬ್ಬರಿಗೂ ತೋಚದೆ ವರ್ಷಗಳು ಕಳೆದವು. 2005ರ ಡಿಸೆಂಬರ್ 31ರಂದು ಗಣಿ ನಿಂತಿತು. ಮಂಗಳೂರಿನಲ್ಲಿ ಕೆಲಸ ಮುಂದುವರಿಸಬಹುದಿತ್ತು. ಅವನು ಸ್ವಯಂ ನಿವೃತ್ತಿ ಪಡೆದು, ಬಂದ ಹಣದಲ್ಲಿ ಕಳಸದ ಈ ಮನೆಯನ್ನೂ ಇಪ್ಪತ್ತು ಗುಂಟೆ ತೋಟವನ್ನೂ ಕೊಂಡ.

ಊಟಕ್ಕೆ ಅಕ್ಕಿರೊಟ್ಟಿ, ಅಪ್ಪೆಮಿಡಿ ಉಪ್ಪಿನಕಾಯಿ, ಒಂದೆಲಗದ ತಂಬುಳಿ. ಮಿತ್ರನ ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿಯಲ್ಲಿ ಸ್ವಲ್ಪ ಉಳಿದಿದೆ. ಅವನ ತಂದೆಗೂ ಹಾಗೆಯೇ ಇತ್ತು, ವಂಶದ ಗುಣ. ಅದು ಗೊತ್ತಾದ ಬಗೆಯನ್ನು ಅತ್ತಿಗೆ ಹೇಳಿದರು. "ಗಿರಣಿಯಲ್ಲಿ ಎಲ್ಲರೂ ಕೂಗಿಯೇ ಮಾತಾಡುತ್ತಿದ್ದರು. ಮನೆಗೆ ಬಂದರೂ ಅದೇ ಅಭ್ಯಾಸ. ಇವರಿಗೆ ಕೇಳಿಸುವುದಿಲ್ಲವೆಂದು ಯಾರಿಗೆ ತಿಳಿಯಬೇಕು? ಗಿರಣಿ ನಿಂತ ಮಾರನೆಯ ದಿನ ಊರೆಲ್ಲ ಸದ್ದಡಗಿತು. ನಾವೆಲ್ಲ ಮೆತ್ತಗೆ ಮಾತಾಡತೊಡಗಿದೆವು. ಆಗ ಇವರು, 'ಎಲ್ಲರೂ ನನ್ನ ಹತ್ತಿರ ಮಾತು ಬಿಟ್ಟಿದ್ದೀರಲ್ಲ, ಯಾಕೆ?' ಎಂದು ಕೇಳಿದರು." ಮಿತ್ರನಿಗೆ ಈ ಮಾತು ಕೇಳಿಸಿರಲಿಲ್ಲ. ಅವಳು ಏನು ಹೇಳುತ್ತಿದ್ದಾಳೆಂದು ಮುಖ ನೋಡಿ ತಿಳಿದುಕೊಂಡು ನಕ್ಕ.

ಆ ಮನೆಯ ನಡುಕೋಣೆಯಲ್ಲಿ ಎರಡು ಬೀರುಗಳ ತುಂಬ ಪುಸ್ತಕಗಳಿವೆ. ಗಣಿಯ ಊರಿನಲ್ಲಿ ಹೆಂಗಸರು ಸೇರಿ ನಡೆಸುತ್ತಿದ್ದ ಪುಟ್ಟ ವಾಚನಾಲಯದ ಆಸ್ತಿ ಅದು. ಸಂಸಾರಗಳು ಒಂದೊಂದಾಗಿ ಲಾರಿಯೇರಿದಾಗ ಪುಸ್ತಕಗಳಿಗೆ ವಾರಸುದಾರರಿಲ್ಲವಾಯಿತು; ಅತ್ತಿಗೆ ತಂದಿಟ್ಟುಕೊಂಡರು. ಈಗ ಕಳಸದ ಹೆಣ್ಣುಮಕ್ಕಳು ಬಂದು ಒಯ್ಯುತ್ತಾರೆ. ನನಗೆ ಪುಸ್ತಕಗಳಿಗಿಂತ ಹಿಡಿಸಿದ್ದು ಹಳೆಯ ಎರವಲು ಪುಸ್ತಿಕೆ. ಉದ್ದನೆಯ ಹಾಳೆ, ಗೆರೆ ಎಳೆದದ್ದು ಪೆನ್ಸಿಲಿನಲ್ಲಿ. ಕನ್ನಡ ಓದಲು ಕಲಿತ ತಮಿಳಿನವರೊಬ್ಬರು ಮಕ್ಕಳ ಕಥೆಗಳಿಂದ ಹೊರಟು ಎರಡು ವರ್ಷಗಳಲ್ಲಿ ದೊಡ್ಡ ಕಾದಂಬರಿಗಳಿಗೆ ಬಂದಿರುವ ದಾಖಲೆ ಅದರಲ್ಲಿದೆ. ಸಹಿ ಮಾತ್ರ ಕೊನೆಯವರೆಗೂ ತಮಿಳಿನಲ್ಲೇ. 2004, 2005ರ ಪುಟಗಳಲ್ಲಿ 'ಹಿಂತಿರುಗಿದ ದಿನಾಂಕ'ದ ಅಂಕಣ ಬರಿದಾಗುತ್ತ ಬರುತ್ತದೆ. ಲೆಕ್ಕ ಹಾಕಿದರೆ ನಲವತ್ತೊಂದು ಪುಸ್ತಕಗಳು. "ಕೇಳಿ ಬರೆಯಬಹುದಾಗಿತ್ತಲ್ಲ?" ಎಂದೆ. ಅತ್ತಿಗೆ ಆಶ್ಚರ್ಯದಿಂದ ನನ್ನನ್ನು ನೋಡಿದರು. "ಮರೆತು ಒಯ್ದರೆಂದು ತಿಳಿದಿರಾ? ನೆನಪಿಟ್ಟೇ ಒಯ್ದರು" ಎಂದರು.

ಊಟವಾದ ಮೇಲೆ ಪಕ್ಕದ ತೋಟದ ಗೌಡರ ಚಪ್ಪರಕ್ಕೆ ಹೋದೆವು. ದೀಪದ ಕೆಳಗೆ ಎಂಟು ಹತ್ತು ಮಂದಿ ಮೆಟ್ಟುಗತ್ತಿಯ ಮೇಲೆ ಕುಳಿತು ಅಡಿಕೆ ಸುಲಿಯುತ್ತಿದ್ದರು. ಕಲಿಯದವನ ಕೈಗೆ ಅದು ಅಪಾಯದ ಕೆಲಸ; ಮಿತ್ರ ಸಲೀಸಾಗಿ ಕುಳಿತು ಸುಲಿಯತೊಡಗಿದ. ಗೌಡರಿಗೆ ಎಪ್ಪತ್ತು ದಾಟಿದೆ. ಗಣಿ ನಿಲ್ಲಬೇಕೆಂಬ ಸಭೆಗಳಿಗೆ ಎಡೆಬಿಡದೆ ಹೋದವರು ಅವರು, ಕಾರಣ ಕೇಳಿದ ನನ್ನ ಮಗಳಿಗೆ ಹೀಗೆಂದರು: "ಮಳೆಗಾಲದಲ್ಲಿ ಹೊಳೆ ಕೆಂಪಾಗುವುದು ಹೊಸದಲ್ಲ, ಮಗಳೇ. ಹಿಂದೆ ನೆರೆ ಇಳಿದ ಮೇಲೆ ಗದ್ದೆಯಲ್ಲಿ ಮೆಕ್ಕಲು ನಿಲ್ಲುತ್ತಿತ್ತು, ಬೆಳೆಗೆ ಒಳ್ಳೆಯದು. ಆಮೇಲಾಮೇಲೆ ನಿಂತದ್ದು ಕಪ್ಪು ಮರಳು. ಕಾಲಿಗೆ ಚುಚ್ಚುತ್ತಿತ್ತು. ಗಿಡಕ್ಕೆ ಅದರಿಂದ ಏನೂ ಸಿಗದು." ನನ್ನ ಮಿತ್ರ ಇದನ್ನೆಲ್ಲ ಎಷ್ಟು ಸಲ ಕೇಳಿದ್ದನೋ! "ಗೌಡರು ಆ ಸಭೆಯಲ್ಲಿ ಕೂಗಿದ್ದು ನನಗೆ ಕೇಳಿಸಲಿಲ್ಲ, ಅದಕ್ಕೇ ನಾವಿಬ್ಬರೂ ಚೆನ್ನಾಗಿದ್ದೇವೆ" ಎಂದ. ಸುಲಿಯುವವರೆಲ್ಲ ನಕ್ಕರು. ಆದರೆ ಗೌಡರು ನಗಲಿಲ್ಲ. "ಇವರು ಬಂದ ವರ್ಷ ನಾನು ಮಾತಾಡಿಸಿರಲಿಲ್ಲ" ಎಂದರು, ಮೆಲ್ಲಗೆ, ನನಗೆ ಮಾತ್ರ. "ಬೆಟ್ಟ ಅರೆದವರು ಇಲ್ಲಿ ಬಂದು ಮನೆ ಮಾಡಿದರಲ್ಲ ಎಂದಿತ್ತು. ಆಮೇಲೆ ನನ್ನ ಪಂಪು ಕೆಟ್ಟಾಗ ಕರೆಯದೆ ಬಂದು ರಿಪೇರಿ ಮಾಡಿದರು."

ಮರುದಿನ ಬೆಳಿಗ್ಗೆ ಮಿತ್ರ ಹಳೆಯ ಧ್ವನಿವರ್ಧಕದಿಂದ ಕಿತ್ತ ಒಂದು ಅಯಸ್ಕಾಂತವನ್ನು ಜೇಬಿಗೆ ಹಾಕಿಕೊಂಡು ನಮ್ಮನ್ನು ಹೊಳೆಗೆ ಕರೆದೊಯ್ದ. ಡಿಸೆಂಬರಿನ ಭದ್ರೆ ತಿಳಿಯಾಗಿತ್ತು. ಬಂಡೆಗಳ ನಡುವೆ ಮೀನು ಕಾಣುತ್ತಿತ್ತು. ಮಳೆಗಾಲದಲ್ಲಿ ಹೊರನಾಡಿನ ದಾರಿಯ ಹೆಬ್ಬಾಳೆ ಸೇತುವೆಯನ್ನು ಮುಳುಗಿಸಿ ಪತ್ರಿಕೆಗಳಲ್ಲಿ ಹೆಸರು ಪಡೆಯುವ ನದಿ ಇದೇ ಎಂದು ನಂಬುವುದು ಕಷ್ಟ. ದಡದ ಮರಳಿನಲ್ಲಿ ಅವನು ಅಯಸ್ಕಾಂತವನ್ನು ಎರಡು ಸಲ ಆಡಿಸಿ ಮೇಲೆತ್ತಿದ. ಅದರ ತುಂಬ ಕಪ್ಪು ಹುಡಿ, ಮುಳ್ಳುಹಂದಿಯ ಮರಿಯಂತೆ ಮೈ ನಿಮಿರಿಸಿಕೊಂಡು ನಿಂತಿತ್ತು. ಮಗಳು ಬೆರಳಿನಿಂದ ಮುಟ್ಟಿದಳು. ಮುಳ್ಳು ಬಾಗಿ ಮತ್ತೆ ಎದ್ದಿತು.

"ಇಷ್ಟೇ ನೋಡು ನಮ್ಮ ಗಿರಣಿಯ ವಿದ್ಯೆ" ಎಂದ ಮಿತ್ರ. "ನೀರಿನಲ್ಲಿ ಕದಡಿದ ಪುಡಿ, ನಡುವೆ ಅಯಸ್ಕಾಂತದ ಉರುಳೆ. ಹತ್ತಿದ್ದು ಮಂಗಳೂರಿಗೆ, ಹತ್ತದ್ದು ಲಕ್ಯಾ ಕಟ್ಟೆಗೆ. ಕಬ್ಬಿಣ ಪಶ್ಚಿಮಕ್ಕೆ ಕಡಲು ಸೇರಿತು, ಹೊಳೆ ಪೂರ್ವಕ್ಕೆ ಹರಿಯಿತು. ಒಂದೇ ಬೆಟ್ಟ, ಎರಡೂ ಕಡೆ ಹೋಯಿತು."

"ಹಾಗಾದರೆ ಇದು ಗಣಿಯ ಮರಳೇ, ಮಾವ?" ಎಂದು ಮಗಳು ಅವನ ಬಲಗಿವಿಯ ಹತ್ತಿರ ಬಾಗಿ ಕೇಳಿದಳು.

ಅವನು ಅಯಸ್ಕಾಂತವನ್ನು ಬಿಸಿಲಿಗೆ ಹಿಡಿದು ನೋಡಿದ. "ಗಣಿ ಬರುವುದಕ್ಕೆ ಮುಂಚೆಯೂ ಬೆಟ್ಟದಲ್ಲಿ ಕಬ್ಬಿಣವಿತ್ತು, ಮಗೂ. ಮಳೆಯೂ ಇತ್ತು. ಆಗಲೂ ಹೊಳೆ ಸ್ವಲ್ಪ ತಂದಿರಬೇಕು. ಈ ಕಾಳಿನಲ್ಲಿ ಹೊಳೆ ತಂದದ್ದು ಯಾವುದು, ನಾನು ಅರೆದದ್ದು ಯಾವುದು, ಹೇಳಲು ಬರುವುದಿಲ್ಲ. ಗೌಡರು ಎಲ್ಲವೂ ನಿಮ್ಮದೇ ಎನ್ನುತ್ತಾರೆ. ಕಂಪನಿಯಲ್ಲಿದ್ದಾಗ ನಾವು ಯಾವುದೂ ನಮ್ಮದಲ್ಲ ಎನ್ನುತ್ತಿದ್ದೆವು." ಸ್ವಲ್ಪ ತಡೆದು, "ನೆರೆ ಇಳಿದ ಮೇಲೆ ಪ್ರತಿವರ್ಷ ಬಂದು ನೋಡುತ್ತೇನೆ. ಮೊದಲಿನಷ್ಟು ಹತ್ತುವುದಿಲ್ಲ. ಗೌಡರಿಗೂ ತೋರಿಸಿದ್ದೇನೆ" ಎಂದ. ಬೆರಳಿನಿಂದ ಹುಡಿಯನ್ನು ಕೆರೆದು ದಡದ ಮೇಲೆ ಎತ್ತರದಲ್ಲಿ, ನೀರು ತಲುಪದ ಒಂದು ಬಂಡೆಯ ಬಿರುಕಿನಲ್ಲಿ ಹಾಕಿದ. ಅಲ್ಲಿ ಮೊದಲೇ ಒಂದಿಷ್ಟು ಕಪ್ಪು ಗುಡ್ಡೆಯಾಗಿತ್ತು.

ಪತ್ರದ ಮಾತು ಬಂದದ್ದು ಆಗ. ತಂದವನು ನಾನಲ್ಲ, ಅವನೇ. "ನೀನು ಅಂದು ಬರೆದದ್ದು ಸುಳ್ಳೇನೂ ಆಗಿರಲಿಲ್ಲ. ಅದು ಬಂದದ್ದು ರಾತ್ರಿ ಪಾಳಿಯ ದಿನ. ಪತ್ರವನ್ನು ಜೇಬಿನಲ್ಲಿಟ್ಟುಕೊಂಡು ಗಿರಣಿಗೆ ಹೋದೆ. ಆ ವಾರ ಅಲ್ಲಿ ಯಾರೂ ಏನೂ ಆಡುತ್ತಿರಲಿಲ್ಲ. ಅಷ್ಟು ಜನರ ನಡುವೆ ಆ ಸಂತೋಷದ ಕಾಗದ ನನ್ನ ಜೇಬಿನಲ್ಲಿ ಇದ್ದದ್ದು ನನಗೆ ಸಹಿಸಲಿಲ್ಲ." ನಾನು ಏನೋ ಹೇಳಿದೆ. ಅವನಿಗೆ ಕೇಳಿಸಲಿಲ್ಲ. ಮತ್ತೆ ಗಟ್ಟಿಯಾಗಿ ಹೇಳುವ ಮಾತಾಗಿರಲಿಲ್ಲ ಅದು; ಸುಮ್ಮನಾದೆ. ಅವನು ನನ್ನ ಹೆಗಲ ಮೇಲೆ ಕೈಯಿಟ್ಟು ದಡ ಹತ್ತಿದ. ಮೊಣಕಾಲು ಇಬ್ಬರಿಗೂ ನೋಯುತ್ತಿತ್ತು.

ಆ ದಿನದ ಉಳಿದ ಭಾಗವನ್ನು ಯಾತ್ರಿಕರಂತೆಯೇ ಕಳೆದೆವು. ಕಳಸೇಶ್ವರನ ಗುಡಿ, ಮಧ್ವಾಚಾರ್ಯರು ಒಂದೇ ಕೈಯಿಂದ ಎತ್ತಿಟ್ಟರೆಂದು ಹೇಳುವ ಅಂಬುತೀರ್ಥದ ಹೆಬ್ಬಂಡೆ. ಈ ಸೀಮೆ ಹಿಂದೆ ಕಳಸ-ಕಾರ್ಕಳ ರಾಜ್ಯವೆಂದು ಪ್ರಸಿದ್ಧವಾಗಿತ್ತು. ಘಟ್ಟದ ಮೇಲೊಂದು ಕಾಲು, ಕೆಳಗೊಂದು ಕಾಲು ಇಟ್ಟು ಆಳಿದ ಜೈನ ಅರಸರು ಭೈರರಸರು. 1432ರಲ್ಲಿ ಕಾರ್ಕಳದ ಗೊಮ್ಮಟನನ್ನು ನಿಲ್ಲಿಸಿದ ವೀರಪಾಂಡ್ಯ ಆ ವಂಶದವನೇ. ನಾವು ಮರುದಿನ ಮದುವೆಗೆ ಇಳಿಯಬೇಕಾಗಿದ್ದ ದಾರಿ, ಅಂದರೆ, ಒಂದು ರಾಜ್ಯದ ಎರಡು ರಾಜಧಾನಿಗಳ ನಡುವಣ ದಾರಿ. ಕಂಪನಿ ಬರುವ ಮುಂಚೆಯೂ ಇಲ್ಲಿ ದೊಡ್ಡದೊಂದು ಸಂಸಾರ ಬಾಳಿ ಎದ್ದುಹೋಗಿದೆ. ಹಾಗೆಂದು ಮಿತ್ರನಿಗೆ ಹೇಳಲು ಹೊರಟು ತಡೆದುಕೊಂಡೆ. ಇತಿಹಾಸದ ಮೇಷ್ಟರ ಸಮಾಧಾನ ಅದು. ಮನೆ ಬಿಟ್ಟವನಿಗೆ ಅದರಿಂದ ಏನು?

ಮೂರನೆಯ ದಿನ ಬೆಳಿಗ್ಗೆ ಅವರಿಬ್ಬರೂ ನಮ್ಮ ಕಾರಿನಲ್ಲಿಯೇ ಹೊರಟರು. ಕುದುರೆಮುಖದವರೆಗೆ ಜೊತೆಗೆ ಬಂದು, ಅಲ್ಲಿಂದ ಬಸ್ಸಿನಲ್ಲಿ ಹಿಂತಿರುಗುವುದೆಂದು ಅತ್ತಿಗೆ ತೀರ್ಮಾನಿಸಿದ್ದರು. ಸಂಸೆಯನ್ನು ದಾಟಿದ ಮೇಲೆ ಕಾಡು ಎರಡು ಬದಿಯಿಂದಲೂ ರಸ್ತೆಯ ಮೇಲೆ ಬಾಗಿಕೊಂಡಿದೆ. ಆಮೇಲೆ ಒಮ್ಮೆಗೇ ಅಗಲವಾದ ಬೀದಿಗಳು, ವೃತ್ತಗಳು, ದೀಪದ ಕಂಬಗಳು, ಮತ್ತು ಜನರಿಲ್ಲದ ಮನೆಗಳ ಸಾಲು. ಪೂರ್ತಿ ಪಾಳು ಎನ್ನಲಾಗದು. ಕೆಲವು ಕಟ್ಟಡಗಳಲ್ಲಿ ಜನರಿದ್ದರು, ಚಹಾದ ಅಂಗಡಿಯಿತ್ತು. ಆದರೆ ಸಾವಿರಾರು ಜನರ ಅಳತೆಗೆ ಹೊಲಿದ ಅಂಗಿಯನ್ನು ಹತ್ತಾರು ಜನ ತೊಟ್ಟಂತೆ ಊರು ಜೋಲುತ್ತಿತ್ತು. ದೂರದ ಬೆಟ್ಟದ ಮೇಲೆ ಗಣಿ ಕಡಿದ ಮೆಟ್ಟಿಲುಗಳು. ಅವುಗಳ ಮೇಲೆ ಹುಲ್ಲು ಹಬ್ಬುತ್ತಿದೆ. ಕಡಿದ ಗೆರೆ ಮಾತ್ರ ಮಾಸಿಲ್ಲ.

ಅವರ ಮನೆ ಸಾಲಿನ ಕೊನೆಯದು. ಛಾವಣಿಯ ಒಂದು ಮಗ್ಗುಲು ಬಿದ್ದುಹೋಗಿತ್ತು. ಬೀದಿಯಂಚಿನಲ್ಲಿ ನಿಂತೇ ನೋಡಿದೆವು. ಅಂಗಳದಲ್ಲಿ ಕಾಟಿಯ ಸಗಣಿ, ಹಸಿಯದೇ. "ರಾತ್ರಿ ಬಂದಿರಬೇಕು" ಎಂದ ಮಿತ್ರ, ತನ್ನ ಮನೆಗೆ ಬಂದ ಅತಿಥಿಯ ವಿಷಯ ಹೇಳುವವನಂತೆ. ಅವರ ಮಗ ಹುಟ್ಟಿ ಬೆಳೆದದ್ದು ಆ ಮನೆಯಲ್ಲಿ. ಈಗ ಪರದೇಶದಲ್ಲಿದ್ದಾನೆ, ಅವನ ರಹದಾರಿಯಲ್ಲಿ ಹುಟ್ಟೂರೆಂದು ಕುದುರೆಮುಖದ ಹೆಸರೇ ಇದೆಯಂತೆ. ಅತ್ತಿಗೆ ನೆಟ್ಟಿದ್ದ ದಾಸವಾಳ ಕಿಟಕಿಯೆತ್ತರಕ್ಕೆ ಬೆಳೆದು ಒಳಕ್ಕೆ ಕೊಂಬೆ ಚಾಚಿತ್ತು. ಒಂದು ರೆಂಬೆ ಮುರಿದುಕೊಳ್ಳುವಿರೇನೋ ಎಂದು ನನ್ನ ಹೆಂಡತಿ ಕೇಳಿದಳು. "ಕಳಸದಲ್ಲಿ ದಾಸವಾಳಕ್ಕೇನು ಬರವೇ?" ಎಂದರು ಅವರು. ಆದರೂ ಹೊರಡುವ ಮನಸ್ಸು ಮಾಡಲಿಲ್ಲ. ಮೋಡ ಇಳಿದು ಎದುರಿನ ಸಾಲನ್ನು ಅಳಿಸಿತು; ಮತ್ತೆ ತೆರೆಯಿತು. ಎಲ್ಲಿಯೋ ಸಿಂಗಳೀಕವೊಂದು ಕೂಗಿತು. ಮಗಳು ಕೈಯೆತ್ತಿ ಆ ಕಡೆಗೆ ತೋರಿಸಿದಳು. ಮಿತ್ರನಿಗೆ ಅದು ಕೇಳಿಸದು. ಅವನು ಅವಳ ಬೆರಳು ಹೋದತ್ತ ನೋಡುತ್ತ ನಿಂತ.

ಹತ್ತೂವರೆಗೆ ಕಳಸದ ಬಸ್ಸು ಬಂದಿತು. ಅತ್ತಿಗೆ ನನ್ನ ಹೆಂಡತಿಯ ಕೈಯಲ್ಲಿ ಉಪ್ಪಿನಕಾಯಿಯ ಭರಣಿಯನ್ನೂ, ನನ್ನ ಕೈಯಲ್ಲಿ ಬೀರುವಿನಿಂದ ತಂದ ಒಂದು ಪುಸ್ತಕವನ್ನೂ ಇಟ್ಟರು. ಒಳಗೆ ಎರವಲಿನ ಚೀಟಿ ಅಂಟಿಸಿತ್ತು. ನನ್ನ ಹೆಸರು, ಅಂದಿನ ದಿನಾಂಕ. ಹಿಂತಿರುಗಿಸುವ ದಿನಾಂಕವನ್ನು ಬರೆದಿರಲಿಲ್ಲ. ಮಿತ್ರ ಬಸ್ಸಿನ ಮೆಟ್ಟಿಲ ಮೇಲೆ ನಿಂತು, ಗಿರಣಿಯಲ್ಲಿ ಕೂಗುತ್ತಿದ್ದ ಅದೇ ದನಿಯಲ್ಲಿ, "ಮಳೆಗಾಲದಲ್ಲಿ ಬಾ, ಹೊಳೆ ನೋಡಲು!" ಎಂದ. ಬಸ್ಸಿನೊಳಗಿದ್ದವರೆಲ್ಲ ತಿರುಗಿ ನೋಡಿದರು.

ಮುಂದೆ ಅರಣ್ಯ ಇಲಾಖೆಯ ತಪಾಸಣೆ ಕಟ್ಟೆಯಲ್ಲಿ ವಾಹನದ ಸಂಖ್ಯೆಯನ್ನೂ ಹೊತ್ತನ್ನೂ ಬರೆದು ಒಂದು ಚೀಟಿ ಕೊಟ್ಟರು. ಗೊತ್ತಾದ ಅವಧಿಯೊಳಗೆ ಕಾಡನ್ನು ದಾಟಬೇಕು, ನಡುವೆ ಎಲ್ಲಿಯೂ ನಿಲ್ಲತಕ್ಕದ್ದಲ್ಲ. ಮಗಳು ಚೀಟಿಯನ್ನು ಪುಸ್ತಕದೊಳಗೆ ಇಡುವಂತೆ ನನಗೆ ಕೊಟ್ಟು ಗೇರು ಬದಲಿಸಿದಳು. ಗಂಗಾಮೂಲದ ಕಾಡು, ಕಡಾಂಬಿಯ ಜಲಪಾತ ಒಂದಾದ ಮೇಲೊಂದು ಹಿಂದೆ ಸರಿದವು. ಮಾಳದ ಕಡೆಗೆ ಇಳಿಯುವಾಗ ಸೆಖೆ ಶುರುವಾಯಿತು.